ಈ ಊರಿನಲ್ಲೂ ಕನ್ನಡಕ್ಕೆ ಕೆಲಸವಿದೆ

(ಪ್ರಮಾಣಪತ್ರ ವಿತರಣಾ ಸಮಾರಂಭದಲ್ಲಿ ಮಾಡಿದ ಭಾಷಣ)



ಮೊದಲು ಮಕ್ಕಳಿಗೆ ಅಭಿನಂದನೆಗಳು. ವಾರವಿಡೀ ಜರ್ಮನ್ ಶಾಲೆ, ಸಂಜೆ ಫುಟ್‌ಬಾಲ್, ಅದರ ಮೇಲೆ ಶನಿವಾರ ಬೆಳಿಗ್ಗೆ ಒತ್ತಕ್ಷರ. ಇಷ್ಟು ವರ್ಷ ಬಿಡದೆ ಬಂದಿದ್ದೀರಿ. ನಿಮ್ಮನ್ನು ಎಬ್ಬಿಸಿ ಕರೆತಂದ ಅಪ್ಪ ಅಮ್ಮಂದಿರಿಗೂ ಅರ್ಧ ಪ್ರಮಾಣಪತ್ರ ಸಲ್ಲಬೇಕು.

ಆದರೆ ನಾನು ಮಾತಾಡಬೇಕೆಂದಿರುವುದು ಮುಂದಿನ ಶನಿವಾರದ ಬಗ್ಗೆ. ಅಂದು ಈ ಮಕ್ಕಳಿಗೆ ತರಗತಿ ಇರುವುದಿಲ್ಲ. "ಊಟಕ್ಕೆ ಬಾ", "ಫೋನ್ ಕೆಳಗಿಡು" ಎನ್ನುವಷ್ಟು ಕನ್ನಡ ಮನೆಯಲ್ಲಿ ಉಳಿಯುತ್ತದೆ. ಯುಗಾದಿಗೆ, ರಾಜ್ಯೋತ್ಸವಕ್ಕೆ ಬಾಡಿಗೆ ಸಭಾಂಗಣದಲ್ಲಿ ರೇಷ್ಮೆ ಸೀರೆ, ಕೋಸಂಬರಿ, ಒಂದು ಸಮೂಹಗಾನ. ರಾತ್ರಿ ಕುರ್ಚಿ ಮಡಚಿ ಬೀಗ ಹಾಕಿದರೆ ಕನ್ನಡವೂ ಒಳಗೇ ಉಳಿಯುತ್ತದೆ. ಹೊರಗಿನ ಬೀದಿಗೆ ಅದರ ಸುಳಿವೂ ಸಿಗುವುದಿಲ್ಲ. ಮಾಡಲು ಕೆಲಸವಿದ್ದರೆ ಮಾತ್ರ ಭಾಷೆ ಬದುಕುತ್ತದೆ. ನಾವು ಬಾಳುತ್ತಿರುವ ಈ ಊರಿನಲ್ಲಿ, ಈ ಜನರ ನಡುವೆ, ಕನ್ನಡಕ್ಕೆ ಯಾವ ಕೆಲಸ ಕೊಡಬಹುದು?

ಸ್ಟುಟ್‌ಗಾರ್ಟ್ ಸುತ್ತಮುತ್ತ ಇರುವ ನಮಗೆ ಇದಕ್ಕೊಂದು ಮಾದರಿ ಹತ್ತಿರದಲ್ಲೇ ಇದೆ. ಇದೇ ವುರ್ಟೆಂಬರ್ಗ್ ಸೀಮೆಯ ಹರ್ಮನ್ ಮೊಗ್ಲಿಂಗ್ ಬಾಸೆಲ್ ಮಿಷನ್ ಪರವಾಗಿ 1836ರಲ್ಲಿ ಮಂಗಳೂರಿಗೆ ಹೋದರು. ಕನ್ನಡ ಕಲಿತರು. 1843ರ ಜುಲೈ 1ರಂದು ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು ಹೊರತಂದರು. ಕರ್ನಾಟಕದಲ್ಲಿ ಇಂದಿಗೂ ಅದೇ ದಿನ ಪತ್ರಿಕಾ ದಿನಾಚರಣೆ. ದಾಸರ ಪದಗಳನ್ನು ಸಂಗ್ರಹಿಸಿ ಅಚ್ಚು ಹಾಕಿಸಿದ್ದೂ ಅವರೇ. ಅವರು 1881ರಲ್ಲಿ ತೀರಿಕೊಂಡದ್ದು ನಮ್ಮ ಪಕ್ಕದ ಎಸ್‌ಲಿಂಗನ್‌ನಲ್ಲಿ. 1894ರಲ್ಲಿ ಸುಮಾರು 70,000 ಪದಗಳ ಕನ್ನಡ-ಇಂಗ್ಲಿಷ್ ನಿಘಂಟು ಕೊಟ್ಟ ಫರ್ಡಿನಾಂಡ್ ಕಿಟೆಲ್ ಕೊನೆಯುಸಿರೆಳೆದದ್ದು 1903ರಲ್ಲಿ, ಟ್ಯೂಬಿಂಗನ್‌ನಲ್ಲಿ. ಇಬ್ಬರಿಗೂ ಗೌರವ ಡಾಕ್ಟರೇಟ್ ಕೊಟ್ಟದ್ದು ಟ್ಯೂಬಿಂಗನ್ ವಿಶ್ವವಿದ್ಯಾಲಯ. ಅಂದರೆ ಈ ನೆಲಕ್ಕೆ ಕನ್ನಡ ಹೊಸದಲ್ಲ.

ಅವರು ಹೋದದ್ದು ಧರ್ಮಪ್ರಚಾರಕ್ಕೆ, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಕನ್ನಡಿಗರು ಇಂದಿಗೂ ಅವರನ್ನು ನೆನೆಯುವುದು ಅದಕ್ಕಲ್ಲ. ಮೊದಲು ಊರಿನವರ ಮಾತು ಕಲಿತು, ಆಮೇಲೆ ಊರಿನವರ ಕೈಗೆ ಉಪಯೋಗಕ್ಕೆ ಬರುವುದನ್ನು ಕೊಟ್ಟರು, ಅದಕ್ಕಾಗಿ. ಅವರ ಪತ್ರಿಕೆ, ನಿಘಂಟುಗಳಿಗೆ ಸಮನಾದದ್ದನ್ನು ನಾವು ಕೊಡಬೇಕೆಂದು ಯಾರೂ ಕೇಳುತ್ತಿಲ್ಲ. ನಮ್ಮ ಅಳವಿನಲ್ಲಿ ಸಣ್ಣ ಸಣ್ಣ ಕೆಲಸಗಳಿವೆ.

ನವೆಂಬರ್ ತಿಂಗಳನ್ನೇ ನೋಡಿ. 1ನೇ ತಾರೀಕು ರಾಜ್ಯೋತ್ಸವ. 11ರ ಆಸುಪಾಸು ಇಲ್ಲಿನ ಮಕ್ಕಳು ಕೈಯಲ್ಲಿ ಕಾಗದದ ಲಾಟೀನು ಹಿಡಿದು ಸಂತ ಮಾರ್ಟಿನ್ ಮೆರವಣಿಗೆ ಹೊರಡುತ್ತಾರೆ. ದೀಪಾವಳಿಗೆ ನಾವು ಮಾಡುವ ಗೂಡುದೀಪವೂ ಬಿದಿರುಕಡ್ಡಿ, ಬಣ್ಣದ ಕಾಗದದ್ದೇ. ಕಿಂಡರ್‌ಗಾರ್ಟನ್‌ನಲ್ಲಿ ಲಾಟೀನು ಮಾಡಿಸುವ ದಿನ ನಮ್ಮ ಒಬ್ಬ ತಾತನೋ ಅತ್ತೆಯೋ ಹೋಗಿ ಗೂಡುದೀಪ ಕಟ್ಟುವುದನ್ನು ತೋರಿಸಿದರೆ ಬೇಡ ಎನ್ನುವವರು ಯಾರು? ಅದೇ ತಿಂಗಳ ಮೂರನೇ ಶುಕ್ರವಾರ ದೇಶಕ್ಕೆಲ್ಲ ಫೋರ್‌ಲೇಸೆಟಾಗ್, ಮಕ್ಕಳಿಗೆ ಗಟ್ಟಿಯಾಗಿ ಓದಿ ಹೇಳುವ ದಿನ. 2004ರಿಂದ ನಡೆಯುತ್ತಿದೆ. ಇವತ್ತು ಪ್ರಮಾಣಪತ್ರ ಪಡೆದ ಹುಡುಗಿಯೊಬ್ಬಳು ಊರ ಲೈಬ್ರರಿಯಲ್ಲಿ ಪುಣ್ಯಕೋಟಿಯ ಕಥೆಯನ್ನು ಎರಡು ನಿಮಿಷ ಕನ್ನಡದಲ್ಲಿ ಓದಲಿ, ಆಮೇಲೆ ಜರ್ಮನ್‌ನಲ್ಲಿ ಹೇಳಲಿ. ಜರ್ಮನ್‌ನಲ್ಲಿ ಹೇಳಬೇಕಾದರೆ 'ದೊಡ್ಡಿ' ಎಂದರೇನು ಎಂದು ಅವಳು ಊರಿಗೆ ಫೋನ್ ಮಾಡಿ ಅಜ್ಜಿಯನ್ನು ಕೇಳಲೇಬೇಕು. ಕನ್ನಡಕ್ಕೆ ಕೆಲಸ ಸಿಗುವುದು ಅಂದರೆ ಇದೇ.

ಈ ಸೀಮೆಯ ಕೇರ್‌ವೋಖೆ ನಮಗೆಲ್ಲ ಗೊತ್ತು. ಸರದಿಯ ಫಲಕ ಬಾಗಿಲಿಗೆ ಬಂದರೆ ಆ ವಾರ ಮೆಟ್ಟಿಲು ಗುಡಿಸುವ ಪಾಳಿ ನಮ್ಮದು. ಗುಡಿಸಿ ಸಾರಿಸಿ ರಂಗೋಲಿ ಇಡುವ ಮನೆತನದವರಿಗೆ ಇದು ಹೊಸ ಪಾಠವೇನಲ್ಲ. ನಮ್ಮ ಪಾಳಿಯನ್ನು ಚೊಕ್ಕಟವಾಗಿ ಮುಗಿಸಿ, ನೆರೆಯವರನ್ನು ಒಂದು ಮಾತು ಕೇಳಿ, ಹಬ್ಬದ ದಿನ ಬಾಗಿಲ ಮುಂದೆ ನಾಲ್ಕು ಎಳೆ ರಂಗೋಲಿ ಇಡೋಣ. ಮರುದಿನ ಅದನ್ನು ನಾವೇ ಗುಡಿಸೋಣ. ಸಂಕ್ರಾಂತಿಗೆ ಎಳ್ಳು ಬೀರುವಾಗ ಪೊಟ್ಟಣದ ಮೇಲೆ ಜರ್ಮನ್‌ನಲ್ಲಿ ಎಳ್ಳು, ಕಡಲೆಕಾಯಿ, ಕೊಬ್ಬರಿ, ಬೆಲ್ಲ, ಹುರಿಗಡಲೆ ಎಂದು ಬರೆದಿರಲಿ. ಎಳ್ಳು, ಕಡಲೆಕಾಯಿ ಎರಡೂ ಅಲರ್ಜಿ ತರಬಲ್ಲವು. ಬರೆದಿದ್ದರೆ ನೆರೆಯವರು ಧೈರ್ಯವಾಗಿ ಬಾಯಿಗೆ ಹಾಕಿಕೊಳ್ಳುತ್ತಾರೆ.

ಕೊಡುವುದಷ್ಟೇ ಸಾಲದು. ನಮ್ಮ ರಾಜ್ಯೋತ್ಸವಕ್ಕೆ ಇಲ್ಲಿಯವರು ಬರುವುದಿಲ್ಲ ಎಂದು ನಾವು ಬೇಸರಪಡುತ್ತೇವೆ. ಅವರ ಬೇಸಿಗೆ ಹಬ್ಬದಲ್ಲಿ ಬೆಂಚು ಎತ್ತಲು, ಪಾತ್ರೆ ತೊಳೆಯಲು ನಮ್ಮಲ್ಲಿ ಎಷ್ಟು ಮಂದಿ ಹೋಗಿದ್ದೇವೆ? ಊರಿನ ಸಂಘದಲ್ಲಿ, ಸ್ವಯಂಸೇವಕರ ಅಗ್ನಿಶಾಮಕ ದಳದಲ್ಲಿ ನಮ್ಮ ಮಕ್ಕಳಿಗೂ ಜಾಗವಿದೆ. ಜೊತೆಯಲ್ಲಿ ಕೆಲಸ ಮಾಡಿದವರ ಮನೆಯ ಹಬ್ಬಕ್ಕೆ ಜನ ತಾವಾಗಿಯೇ ಬರುತ್ತಾರೆ.

ಹೀಗೆ ಬೆರೆತರೆ ನಮ್ಮತನ ಕಲಬೆರಕೆಯಾಗುವುದಿಲ್ಲವೇ ಎಂದು ಕೆಲವು ಪೋಷಕರು ಕೇಳುತ್ತಾರೆ. ಆ ಅಂಜಿಕೆ ಸಹಜ. ಅವರಿಗೆ ನಾನು ಹೇಳುವುದು ಮಂಗಳೂರು ಹೆಂಚಿನ ಮಾತು. 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದದ್ದು ಇದೇ ಬಾಸೆಲ್ ಮಿಷನ್. ತಂತ್ರ ಯುರೋಪಿನದು, ಮಣ್ಣು ಮಾತ್ರ ಅಲ್ಲಿಯದು. ಕರಾವಳಿಯ ಮಳೆಯನ್ನು ಅದು ತಡೆಯಿತು. ಆದ್ದರಿಂದ ಜನ ಮನೆಯ ಮೇಲೆ ಹೊದಿಸಿಕೊಂಡರು. ಇವತ್ತು ಅದಕ್ಕೆ ಊರಿನದೇ ಹೆಸರು. ಯಾರೂ ಅದನ್ನು ಪರದೇಶದ್ದು ಎನ್ನುವುದಿಲ್ಲ. ಮನೆಗೆ ಉಪಯೋಗವಾದದ್ದು ಮನೆಯದೇ ಆಗಿಬಿಡುತ್ತದೆ. ಮಾರ್ಟಿನ್ ಮೆರವಣಿಗೆಯಲ್ಲಿ ನಡೆದ ಗೂಡುದೀಪ ಗೂಡುದೀಪವಾಗಿಯೇ ಇರುತ್ತದೆ, ಅದರ ಹೆಸರು ಬಲ್ಲ ಮಕ್ಕಳು ಮಾತ್ರ ಹೆಚ್ಚುತ್ತಾರೆ.

ಶಿಕ್ಷಕರಲ್ಲಿ ನನ್ನ ವಿನಂತಿ: ಮುಂದಿನ ವರ್ಷದಿಂದ ಕೊನೆಯ ತರಗತಿಯ ಪ್ರತಿ ಮಗುವೂ ಪರೀಕ್ಷೆಯ ಜೊತೆಗೆ ಊರಿನಲ್ಲಿ ಕನ್ನಡದಿಂದ ಆಗುವ ಒಂದು ಕೆಲಸ ಮಾಡಲಿ. ಪೋಷಕರಲ್ಲಿ ವಿನಂತಿ: ಮಕ್ಕಳನ್ನು ಕಳಿಸಿ ಸುಮ್ಮನಿರಬೇಡಿ, ಜೊತೆಗೆ ನೀವೂ ಹೋಗಿ. ಮಕ್ಕಳೇ, ನಿಮಗೆ ಇವತ್ತು ಸಿಕ್ಕ ಪ್ರಮಾಣಪತ್ರವನ್ನು ಗೋಡೆಗೆ ತೂಗುಹಾಕಿ, ಸಂತೋಷ. ಕಲಿತ ಕನ್ನಡವನ್ನು ಮಾತ್ರ ಹೊರಗೆ ಕರೆದುಕೊಂಡು ಹೋಗಿ. ನವೆಂಬರ್‌ಗೆ ಇನ್ನೂ ಸಮಯವಿದೆ, ಲೈಬ್ರರಿಯವರನ್ನು ಈ ವಾರವೇ ಕೇಳಬಹುದು.