ದೂರದ ನೆಲ, ದೊಡ್ಡ ವ್ಯಾಪಾರ



ಹೋದ ತಿಂಗಳು ಒಂದು ಭಾನುವಾರ ಬೆಳಗ್ಗೆ ಅಶೋಕಪುರದ ನಮ್ಮ ಮನೆಗೆ ಹಳೆಯ ಶಿಷ್ಯನೊಬ್ಬ ಬಂದ. ಅವನ ತಂದೆ ನಮ್ಮ ಬಡಾವಣೆಯ ರೈಲ್ವೆ ವರ್ಕ್‌ಷಾಪಿನಲ್ಲಿ ಫಿಟ್ಟರಾಗಿದ್ದು ನಿವೃತ್ತರಾದವರು. ಹುಡುಗ ಮೋಟಾರು ಸೈಕಲ್ ರಿಪೇರಿ ಕಲಿತು, ಸ್ವಂತ ಷೆಡ್ಡು ಇಟ್ಟುಕೊಂಡು ಮರ್ಯಾದೆಯಿಂದ ಬಾಳುತ್ತಿದ್ದಾನೆ. ಕಾಫಿ ಕುಡಿದು ಲೋಟ ಕೆಳಗಿಟ್ಟವನೇ ಚೀಲದಿಂದ ಬಣ್ಣಬಣ್ಣದ ಕಾಗದವೊಂದನ್ನು ತೆಗೆದು ನನ್ನ ಮುಂದೆ ಹರವಿದ.

“ಸಾರ್, ಆಫ್ರಿಕದಲ್ಲಿ ಭೂಮಿ ಬಹಳ ಅಗ್ಗವಂತೆ. ನಾಲ್ಕು ಜನ ಸೇರಿ ಹಣ ಹಾಕಿದರೆ ನೂರಾರು ಎಕರೆ ಗೇಣಿಗೆ ಸಿಗುತ್ತದಂತೆ. ಅಪ್ಪನ ನಿವೃತ್ತಿಯ ಗಂಟು ಬ್ಯಾಂಕಿನಲ್ಲಿದೆ. ಹಾಕಲೋ ಬೇಡವೋ, ನೀವೇ ಹೇಳಬೇಕು” ಎಂದ.

ನಾನು ಮಕ್ಕಳಿಗೆ ಸಂಧಿ ಸಮಾಸ ಹೇಳಿಕೊಡುವವನು. ವ್ಯಾಪಾರದ ಲೆಕ್ಕ ನನ್ನ ವಿಷಯವಲ್ಲ. ಆದರೂ ಹಿರಿಯರೊಬ್ಬರ ಜೀವಮಾನದ ಉಳಿತಾಯದ ಪ್ರಶ್ನೆ. “ಒಂದು ವಾರ ತಡೆಯಪ್ಪ, ಓದಿ ನೋಡಿ ಹೇಳುತ್ತೇನೆ” ಎಂದೆ. ಆ ವಾರ ಓದಿ ತಿಳಿದುದನ್ನು, ಅವನಿಗೆ ಹೇಳಿದುದನ್ನು, ಈಗ ತಮ್ಮೆಲ್ಲರ ಮುಂದೆ ಇಡುತ್ತಿದ್ದೇನೆ. ಇಂಥ ಕಾಗದ ನಾಳೆ ತಮ್ಮ ಮನೆಯ ಬಾಗಿಲಿಗೂ ಬರಬಹುದು.

ಆಫ್ರಿಕದಲ್ಲಿ ದೊಡ್ಡ ವ್ಯಾಪಾರಕ್ಕೆ ಅವಕಾಶವಿದೆಯೆ? ನಿಸ್ಸಂದೇಹವಾಗಿ ಇದೆ. ಅದು ಒಂದು ದೇಶವಲ್ಲ, ೫೪ ದೇಶಗಳ ಖಂಡ. ಅದರ ವಿಸ್ತೀರ್ಣ ಸುಮಾರು ೩ ಕೋಟಿ ಚದರ ಕಿಲೋಮೀಟರು. ನಮ್ಮ ಭಾರತದಂಥ ಒಂಬತ್ತು ದೇಶಗಳನ್ನು ಅದರೊಳಗೆ ಕೂಡಿಸಬಹುದು. ಜನಸಂಖ್ಯೆ ೧೪೦ ಕೋಟಿಯನ್ನು ದಾಟಿದೆ. ಆ ಜನರಲ್ಲಿ ಹೆಚ್ಚುಕಡಮೆ ಅರ್ಧ ಮಂದಿ ಇಪ್ಪತ್ತು ವರ್ಷಕ್ಕಿಂತ ಚಿಕ್ಕವರು. ಇಷ್ಟು ಎಳೆಯ ಖಂಡ ಮತ್ತೊಂದಿಲ್ಲ. ಅವರಿಗೆಲ್ಲ ಅನ್ನ, ಬಟ್ಟೆ, ಔಷಧ, ವಾಹನ, ವಿದ್ಯೆ ಬೇಕು. ೨೦೧೮ರಲ್ಲಿ ರುವಾಂಡ ದೇಶದ ಕಿಗಾಲಿ ನಗರದಲ್ಲಿ ಆಫ್ರಿಕದ ರಾಷ್ಟ್ರಗಳು ಮುಕ್ತ ವ್ಯಾಪಾರದ ಒಪ್ಪಂದವನ್ನು ಮಾಡಿಕೊಂಡವು; ೨೦೨೧ನೆಯ ಜನವರಿ ೧ರಿಂದ ಅದರಂತೆ ವ್ಯಾಪಾರ ಮೊದಲಾಯಿತು. ಒಂದು ದೇಶದ ಸರಕು ಮತ್ತೊಂದು ದೇಶಕ್ಕೆ ಸುಂಕದ ಕಾಟವಿಲ್ಲದೆ ಹೋಗಬೇಕೆಂಬುದು ಅದರ ಗುರಿ. ಕೆಲಸ ನಿಧಾನವಾಗಿಯೇ ಸಾಗಿದೆ. ಆದರೆ ಬಾಗಿಲು ತೆರೆದಿದೆ.

ಅವಕಾಶವಿದೆ ಎಂದ ಮಾತ್ರಕ್ಕೆ ಎಲ್ಲರಿಗೂ ಎಲ್ಲ ಅವಕಾಶವೂ ಒದಗುತ್ತದೆ ಎಂದಲ್ಲ. ಬಾಗಿಲು ತೆರೆದಿರುವ ಮನೆಗೆ ನೆಂಟನಾಗಿ ಹೋಗುವುದು ಬೇರೆ, ಒಡೆಯನಾಗಿ ಹೋಗುವುದು ಬೇರೆ. ನಮ್ಮ ನಾಡಿನಿಂದ ಆಫ್ರಿಕಕ್ಕೆ ಹೋದ ಎರಡು ವ್ಯಾಪಾರಗಳ ಕಥೆಯಿಂದ ಈ ಮಾತನ್ನು ವಿವರಿಸುತ್ತೇನೆ.

ಮೊದಲನೆಯದು ನಮ್ಮ ಮೈಸೂರಿನದೇ. ಊರಿನ ಇನ್ನೊಂದು ಮಗ್ಗುಲಲ್ಲಿ, ಬಂಬೂ ಬಜಾರಿನ ಕಡೆ, ‘ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್’ ಎಂಬ ಸರ್ಕಾರಿ ಕಾರ್ಖಾನೆಯಿದೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ೧೯೩೭ರಲ್ಲಿ, ಅರಗು ಮತ್ತು ಬಣ್ಣದ ಕಾರ್ಖಾನೆಯಾಗಿ ಅದು ಹುಟ್ಟಿತು. ೧೯೬೨ರ ಮಹಾ ಚುನಾವಣೆಯಿಂದ ಮೊದಲ್ಗೊಂಡು ನಮ್ಮ ಬೆರಳಿಗೆ ಹಚ್ಚುತ್ತಿರುವ ಅಳಿಸಲಾಗದ ಮಸಿ ತಯಾರಾಗುವುದು ಅಲ್ಲಿಯೇ. ಮಸಿಯ ಸೂತ್ರವನ್ನು ಕಂಡುಹಿಡಿದುಕೊಟ್ಟದ್ದು ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ. ಅದರಲ್ಲಿರುವ ಸಿಲ್ವರ್ ನೈಟ್ರೇಟ್ ಎಂಬ ಬೆಳ್ಳಿಯ ಲವಣವು ಚರ್ಮಕ್ಕೆ ತಗುಲಿ ಬೆಳಕು ಕಂಡೊಡನೆ ಕಪ್ಪಾಗುತ್ತದೆ. ಸೋಪಿಗೆ ಹೋಗುವುದಿಲ್ಲ, ಎಣ್ಣೆಗೂ ಹೋಗುವುದಿಲ್ಲ. ಉಗುರು ಬೆಳೆದು, ಚರ್ಮ ಬದಲಾದರೆ ತಾನಾಗಿ ಹೋಗಬೇಕು.

ಈ ಮಸಿ ಇಪ್ಪತ್ತೈದಕ್ಕೂ ಹೆಚ್ಚು ದೇಶಗಳಿಗೆ ಹೋಗಿದೆ. ದಕ್ಷಿಣ ಆಫ್ರಿಕ, ನೈಜೀರಿಯ, ಘಾನ, ಬುರ್ಕಿನ ಫಾಸೊ, ಬುರುಂಡಿ ಇವೆಲ್ಲ ಆ ಪಟ್ಟಿಯಲ್ಲಿವೆ. ಕೆಲವು ದೇಶಗಳಲ್ಲಿ ಮತದಾರ ಬೆರಳನ್ನೇ ಮಸಿಯಲ್ಲಿ ಅದ್ದುತ್ತಾನೆ. ಬುರ್ಕಿನ ಫಾಸೊ, ಬುರುಂಡಿಗಳಲ್ಲಿ ಕುಂಚದಿಂದ ಹಚ್ಚುತ್ತಾರೆ. ಕೊಳ್ಳುವವರ ಪದ್ಧತಿ ಹೇಗೋ ಹಾಗೆ ಸರಕನ್ನು ಒದಗಿಸಬೇಕು. ಈ ಮಸಿಯನ್ನು ಅಂಗಡಿಯಲ್ಲಿ ಯಾರಿಗೂ ಮಾರುವುದಿಲ್ಲ. ಚುನಾವಣೆ ನಡೆಸುವ ಅಧಿಕಾರಸ್ಥರಿಗೆ ಮಾತ್ರ ಕೊಡುತ್ತಾರೆ. ಯೋಚಿಸಿ ನೋಡಿ: ಎಷ್ಟೋ ಕಾಲ ಪರರ ಆಳ್ವಿಕೆಯಲ್ಲಿದ್ದ ಜನ ತಮ್ಮ ನಾಡನ್ನು ಆಳುವವರು ಯಾರೆಂದು ತಾವೇ ತೀರ್ಮಾನಿಸುವ ಗಳಿಗೆಯಲ್ಲಿ ಅವರ ಬೆರಳಿಗೆ ಮೈಸೂರಿನ ಮಸಿ. ಒಂದು ಪುಟ್ಟ ಸೀಸೆಯ ವ್ಯಾಪಾರ. ಆದರೆ ಅದು ಅವರಿಗೆ ಬೇಕಾದದ್ದು, ಅವರೇ ಕೇಳಿ ಕೊಂಡದ್ದು.

ಎರಡನೆಯದು ಬೆಂಗಳೂರಿನ ಕರುಟೂರಿ ಗ್ಲೋಬಲ್ ಕಂಪೆನಿಯ ಕಥೆ. ಗುಲಾಬಿ ಬೆಳೆದು ಹೊರದೇಶಕ್ಕೆ ಕಳುಹಿಸುತ್ತಿದ್ದ ಈ ಕಂಪೆನಿ ಇಥಿಯೋಪಿಯದಲ್ಲಿ ತೋಟ ಹಾಕಿತು. ೨೦೦೭ರಲ್ಲಿ ಕೆನ್ಯ ದೇಶದ ನೈವಾಷ ಸರೋವರದ ಬಳಿಯ ದೊಡ್ಡ ಹೂದೋಟವನ್ನು ಕೊಂಡುಕೊಂಡಿತು. ಜಗತ್ತಿನ ಅತಿ ದೊಡ್ಡ ಗುಲಾಬಿ ಬೆಳೆಗಾರರ ಸಾಲಿಗೆ ಅದು ಸೇರಿದಾಗ ನಮ್ಮ ಪತ್ರಿಕೆಗಳು ಹೆಮ್ಮೆಯಿಂದ ಬರೆದವು. ಹೆಮ್ಮೆಪಡುವ ಸಂಗತಿಯೇ ಹೌದು.

ಆಮೇಲೆ ೨೦೧೦ರಲ್ಲಿ, ಇಥಿಯೋಪಿಯದ ಪಶ್ಚಿಮದಂಚಿನ ಗಂಬೇಲ ಸೀಮೆಯಲ್ಲಿ, ಆ ಸರ್ಕಾರದಿಂದ ಒಂದು ಲಕ್ಷ ಹೆಕ್ಟೇರು ಭೂಮಿಯನ್ನು ಐವತ್ತು ವರ್ಷದ ಗೇಣಿಗೆ ಹಿಡಿಯಿತು. ಕೆಲಸ ಚೆನ್ನಾಗಿ ನಡೆದರೆ ಇನ್ನೂ ಎರಡು ಲಕ್ಷ ಸಿಗುವ ಮಾತಿತ್ತು. ಒಂದು ಲಕ್ಷ ಹೆಕ್ಟೇರೆಂದರೆ ನಮ್ಮ ಮೈಸೂರು ಜಿಲ್ಲೆಯ ಸುಮಾರು ಆರನೆಯ ಒಂದು ಪಾಲು! ಹೆಕ್ಟೇರಿಗೆ ವರ್ಷಕ್ಕೆ ಗೇಣಿ ೨೦ ಬಿರ್, ಅಂದರೆ ಆಗಿನ ಲೆಕ್ಕದಲ್ಲಿ ಒಂದು ಡಾಲರಿಗಿಂತ ಚೂರು ಹೆಚ್ಚು. ಇಷ್ಟು ಅಗ್ಗದ ಭೂಮಿ ಯಾರಿಗುಂಟು ಯಾರಿಗಿಲ್ಲ!

ಆದರೆ ಆ ನೆಲವನ್ನು ಬಲ್ಲವರು ಅಲ್ಲಿನ ಅನುವಾಕ್, ನುಯೆರ್ ಜನ. ಬಾರೋ ನದಿ ಯಾವಾಗ ಉಕ್ಕುತ್ತದೆ, ಎಲ್ಲಿಯವರೆಗೆ ಹರಡುತ್ತದೆ ಎಂಬುದು ಅವರಿಗೆ ಗೊತ್ತು. ೨೦೧೧ರಲ್ಲಿ ನದಿ ಉಕ್ಕಿ ಹರಿದು, ಕಂಪೆನಿ ಬಿತ್ತಿದ್ದ ಮುಸುಕಿನ ಜೋಳದ ಬೆಳೆ ನೀರುಪಾಲಾಯಿತು. ಇದರ ನಡುವೆ, ಆ ಸೀಮೆಯ ಜನರನ್ನು ಅವರ ಹಳ್ಳಿಗಳಿಂದ ಬಲವಂತವಾಗಿ ಎಬ್ಬಿಸಿ ಹೊಸ ಊರುಗಳಿಗೆ ಸಾಗಿಸಲಾಗುತ್ತಿದೆ ಎಂದು ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ ೨೦೧೨ರಲ್ಲಿ ವರದಿ ಮಾಡಿತು. ಇಥಿಯೋಪಿಯ ಸರ್ಕಾರ ಅದನ್ನು ಅಲ್ಲಗಳೆಯಿತು. ೨೦೧೪ರಲ್ಲಿ ಕೆನ್ಯದ ಹೂದೋಟ ಸಾಲದ ದೆಸೆಯಿಂದ ಬ್ಯಾಂಕು ನೇಮಿಸಿದ ಆಡಳಿತಗಾರರ ಕೈಗೆ ಹೋಯಿತು. ೨೦೧೫ರ ಕೊನೆಗೆ ಇಥಿಯೋಪಿಯ ಸರ್ಕಾರ ಗಂಬೇಲದ ಗೇಣಿಯನ್ನೂ ರದ್ದುಮಾಡಿತು. ಒಂದು ಲಕ್ಷ ಹೆಕ್ಟೇರಿನಲ್ಲಿ ಸಾಗುವಳಿಗೆ ಬಂದದ್ದು ೧,೨೦೦ ಹೆಕ್ಟೇರು ಮಾತ್ರ ಎಂಬುದು ಸರ್ಕಾರದ ದೂರು. ಕಂಪೆನಿ ಈ ರದ್ದತಿಯನ್ನು ಒಪ್ಪಲಿಲ್ಲ. ನ್ಯಾಯ ಯಾರ ಕಡೆಗೆ ಎಷ್ಟು ಎಂದು ತೂಗುವುದು ಈ ಮೇಷ್ಟರ ಕೆಲಸವಲ್ಲ. ಆದರೆ ಒಂದು ಪಾಠವಂತೂ ಎದ್ದು ಕಾಣುತ್ತದೆ: ಅಗ್ಗದ ಭೂಮಿ ಎಂಬುದು ಕಾಗದದ ಮೇಲೆ ಮಾತ್ರ ಅಗ್ಗ.

ಇಥಿಯೋಪಿಯದ ಸಂವಿಧಾನದಂತೆ ಅಲ್ಲಿನ ಭೂಮಿ ರಾಷ್ಟ್ರದ ಮತ್ತು ಜನತೆಯ ಸ್ವತ್ತು, ಅದನ್ನು ಮಾರುವಂತಿಲ್ಲ. ಹೀಗಿರುವಾಗ, ಬೀಳುಬಿದ್ದಿದೆ ಎಂದು ನಕ್ಷೆಯಲ್ಲಿ ತೋರುವ ನೆಲ ನಿಜವಾಗಿ ಯಾರದು? ಅಲ್ಲಿ ದನ ಮೇಯಿಸುವವನದು, ಕಾಡಿನ ಗೆಡ್ಡೆ ಅಗೆದು ಮಕ್ಕಳಿಗೆ ಉಣಿಸುವ ತಾಯಿಯದು. ಅಶೋಕಪುರದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಲ್ಲಿಯ ಎಷ್ಟೋ ಮನೆಗಳ ಹಿರಿಯರು ತಮ್ಮದಲ್ಲದ ನೆಲವನ್ನು ಉತ್ತು, ತಮ್ಮದಲ್ಲದ ಕಣಕ್ಕೆ ತೆನೆ ಹೊತ್ತವರು. ಕಾಗದ ಒಬ್ಬರ ಕೈಯಲ್ಲಿ, ಬೆವರು ಇನ್ನೊಬ್ಬರ ಮೈಯಲ್ಲಿ ಎಂಬುದನ್ನು ಅವರು ಕಂಡುಂಡವರು. ಅಂಥ ಮನೆಯ ಹುಡುಗ ದೂರದೇಶದಲ್ಲಿ ಇನ್ನೊಬ್ಬರ ನೆಲದ ಕಾಗದ ಹಿಡಿದುಕೊಂಡು ನಿಲ್ಲಬೇಕೆ? ಶಿಷ್ಯನಿಗೆ ನಾನು ಕೇಳಿದ ಮೊದಲ ಪ್ರಶ್ನೆ ಇದು. ಅವನು ತಲೆ ತಗ್ಗಿಸಿ ಸುಮ್ಮನೆ ಕುಳಿತ.

ಆಫ್ರಿಕದ ಜನಕ್ಕೆ ದೊಡ್ಡ ವ್ಯಾಪಾರ ಎಂಬ ಮಾತು ಹೊಸದಲ್ಲ. ಮನುಷ್ಯರನ್ನೇ ಹಡಗಿಗೆ ತುಂಬಿ ಮಾರಿದ ವ್ಯಾಪಾರವನ್ನು ಅವರು ನೂರಾರು ವರ್ಷ ಅನುಭವಿಸಿದ್ದಾರೆ. ಅದರ ಕುರುಹು ನಮ್ಮ ನಾಡಿನಲ್ಲಿಯೇ ಇದೆ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳಗಳ ಕಾಡಿನಂಚಿನಲ್ಲಿರುವ ಸಿದ್ದಿ ಜನರ ಪೂರ್ವಿಕರಲ್ಲಿ ಬಹುಮಂದಿ ಗೋವೆಗೆ ಗುಲಾಮರಾಗಿ ಬಂದವರು. ಆ ಜಿಲ್ಲೆಯ ಸಿದ್ದಿಗಳು ಪರಿಶಿಷ್ಟ ಪಂಗಡವೆಂದು ಮನ್ನಣೆ ಪಡೆದದ್ದು ೨೦೦೩ರಲ್ಲಿ. ಹೊರಗಿನಿಂದ ಬಂದ ವ್ಯಾಪಾರಿಯನ್ನು ಆಫ್ರಿಕದವರು ಎರಡು ಸಲ ದಿಟ್ಟಿಸಿ ನೋಡಿದರೆ ಅದು ಅವರ ತಪ್ಪಲ್ಲ.

ಹಾಗಾದರೆ ಹೋಗುವುದೇ ಬೇಡವೆ? ಹಾಗಲ್ಲ. ನಮಗೂ ಅವರಿಗೂ ಕೊಡುಕೊಳೆಯ ಸಂಬಂಧ ಬಹಳ ಹಳೆಯದು. ನಾವು ನಿತ್ಯ ಉಣ್ಣುವ ಮುದ್ದೆಯ ರಾಗಿ ಮೊದಲು ಬೆಳೆದದ್ದು ಇಥಿಯೋಪಿಯ, ಉಗಾಂಡಗಳ ಎತ್ತರದ ನೆಲದಲ್ಲಿ ಎಂದು ಸಸ್ಯಶಾಸ್ತ್ರಜ್ಞರು ಹೇಳುತ್ತಾರೆ. ಉತ್ತರ ಕರ್ನಾಟಕದ ಜೋಳದ ತವರೂ ಆಫ್ರಿಕವೇ. ಇನ್ನು ಪೂರ್ವ ಆಫ್ರಿಕದ ಸ್ವಾಹಿಲಿ ಭಾಷೆಯನ್ನು ನೋಡಿ. ಅಂಗಡಿಗೆ ಅವರು ‘ಡುಕಾ’ ಎನ್ನುತ್ತಾರೆ, ನಮ್ಮ ದುಕಾನು. ಗಾಡಿಗೆ ‘ಗಾರಿ’, ಬಣ್ಣಕ್ಕೆ ‘ರಂಗಿ’, ಲೆಕ್ಕಕ್ಕೆ ‘ಹೆಸಾಬು’, ವಿಮೆಗೆ ‘ಬೀಮಾ’. ಚಪಾತಿಗೆ ಚಪಾತಿಯೇ. ಗುಜರಾತಿನ ವರ್ತಕರು, ಅರಬ್ ನಾವಿಕರು ಹಿಂದೂ ಮಹಾಸಾಗರದಲ್ಲಿ ಓಡಾಡಿ ಬಿಟ್ಟುಹೋದ ಹೆಜ್ಜೆಗುರುತುಗಳು ಇವು.

ಆ ಹೆಜ್ಜೆಗಳಲ್ಲಿ ಕಣ್ಣೀರಿನವೂ ಇವೆ. ೧೮೯೬ರಿಂದ ೧೯೦೧ರವರೆಗೆ ಮೊಂಬಾಸದಿಂದ ವಿಕ್ಟೋರಿಯ ಸರೋವರದವರೆಗೆ ಬ್ರಿಟಿಷರು ರೈಲು ಹಾದಿ ಹಾಕಿದಾಗ ಮೂವತ್ತು ಸಾವಿರಕ್ಕೂ ಹೆಚ್ಚು ಭಾರತೀಯ ಕೂಲಿಗಳು ದುಡಿದರು. ಸುಮಾರು ೨,೫೦೦ ಮಂದಿ ಅಲ್ಲಿಯೇ ಮಡಿದರು. ಮುಂದೆ ೧೯೭೨ರಲ್ಲಿ ಇದಿ ಅಮೀನನು ಉಗಾಂಡದ ಏಷ್ಯನ್ನರಿಗೆ ತೊಂಬತ್ತು ದಿನಗಳ ಗಡುವು ಕೊಟ್ಟು ಓಡಿಸಿದ. ಅದು ಘೋರ ಅನ್ಯಾಯ. ಆದರೂ ವ್ಯಾಪಾರವೆಲ್ಲ ಪರದೇಶದವರ ಕೈಯಲ್ಲಿದೆ ಎಂಬ ಅಸಮಾಧಾನ ಜನರಲ್ಲಿ ಇಲ್ಲದಿದ್ದರೆ ಅವನಿಗೆ ಆ ಕೆಲಸ ಅಷ್ಟು ಸುಲಭವಾಗುತ್ತಿರಲಿಲ್ಲ. ಸ್ಥಳೀಯರನ್ನು ಪಾಲುದಾರರನ್ನಾಗಿ ಮಾಡಿಕೊಳ್ಳದ ವ್ಯಾಪಾರ ಮರಳಿನ ಮೇಲಿನ ಮನೆ.

ಶಿಷ್ಯನಿಗೆ ನಾನು ಕೇಳಿದ ಎರಡನೆಯ ಪ್ರಶ್ನೆ: “ನಿನಗೆ ಬರುವ ವಿದ್ಯೆ ಯಾವುದು? ಅದರಲ್ಲಿ ಅವರಿಗೆ ಬೇಕಾದದ್ದು ಏನಿದೆ?” ಕೆನ್ಯ, ಉಗಾಂಡಗಳಲ್ಲಿ ಬಾಡಿಗೆಗೆ ಓಡುವ ಮೋಟಾರು ಸೈಕಲ್ಲುಗಳಿಗೆ ‘ಬೋಡಾ ಬೋಡಾ’ ಎಂದು ಹೆಸರು. ಗಡಿಯಿಂದ ಗಡಿಗೆ ಜನರನ್ನು ಸಾಗಿಸುತ್ತಿದ್ದುದರಿಂದ ‘ಬಾರ್ಡರ್’ ಎಂಬ ಇಂಗ್ಲಿಷ್ ಮಾತು ಸವೆದು ಹೀಗಾಯಿತಂತೆ. ಆ ಬೈಕುಗಳಲ್ಲಿ ಬಹುಪಾಲು ಭಾರತದ ಬಜಾಜ್, ಟಿ.ವಿ.ಎಸ್. ಕಂಪೆನಿಗಳವು. ಟಿ.ವಿ.ಎಸ್.ನ ಒಂದು ಕಾರ್ಖಾನೆ ನಮ್ಮ ನಂಜನಗೂಡು ರಸ್ತೆಯಲ್ಲಿಯೇ ಇದೆ. ಬೈಕು ಇದ್ದಲ್ಲಿ ರಿಪೇರಿ, ಬಿಡಿಭಾಗ ಬೇಕೇ ಬೇಕು. ಇದು ಒಂದು ದಾರಿ.

ಇನ್ನೊಂದು ದಾರಿ ರಾಗಿಯದೇ. ಸ್ವಾಹಿಲಿಯಲ್ಲಿ ರಾಗಿಗೆ ‘ವಿಂಬಿ’ ಎನ್ನುತ್ತಾರೆ. ಅದರ ಹಿಟ್ಟಿನಿಂದ ನಮ್ಮ ಅಂಬಲಿಯನ್ನು ಹೋಲುವ ‘ಉಜಿ’ ಮಾಡಿ ಕುಡಿಯುತ್ತಾರೆ. ರಾಗಿಯನ್ನು ಶುಚಿಮಾಡುವ, ತೊಗಟೆ ತೆಗೆಯುವ, ಬೀಸುವ ವಿದ್ಯೆಯಲ್ಲಿ ನಮ್ಮ ಮೈಸೂರಿನ ಕೇಂದ್ರೀಯ ಆಹಾರ ಸಂಶೋಧನಾಲಯ, ೧೯೫೦ರಲ್ಲಿ ಚೆಲುವಾಂಬ ಮಹಲಿನಲ್ಲಿ ಆರಂಭವಾದದ್ದು, ಬಹಳ ಕೆಲಸ ಮಾಡಿದೆ. ಗಿರಣಿಯ ತಂತ್ರವನ್ನು ಕಲಿಸುವ ಶಾಲೆಯೂ ಅಲ್ಲಿದೆ. ಆಫ್ರಿಕದ ದೇಶಗಳಿಂದ ಬಂದು ಕಲಿತು ಹೋದವರಿದ್ದಾರೆ. ಅವರು ನಮಗೆ ಕಾಳು ಕೊಟ್ಟರು. ನಾವು ಅದನ್ನು ಬೀಸುವ ಯಂತ್ರ ಕೊಡಬಹುದು. ಇದಕ್ಕಿಂತ ಒಪ್ಪುವ ವ್ಯಾಪಾರ ಯಾವುದಿದೆ?

ಕೊನೆಯದಾಗಿ ನಾಲ್ಕು ವ್ಯವಹಾರದ ಮಾತು. ಹಣ ಹಾಕುವ ಮುನ್ನ ಆ ದೇಶಕ್ಕೆ ಒಮ್ಮೆ ಹೋಗಿ ಕಣ್ಣಾರೆ ನೋಡಬೇಕು. ಅನೇಕ ದೇಶಗಳಿಗೆ ಹೋಗುವವರು ಹೊರಡುವುದಕ್ಕೆ ಕನಿಷ್ಠ ಹತ್ತು ದಿನ ಮೊದಲೇ ಹಳದಿ ಜ್ವರದ ಚುಚ್ಚುಮದ್ದು ಹಾಕಿಸಿಕೊಂಡು ಪ್ರಮಾಣಪತ್ರ ಇಟ್ಟುಕೊಂಡಿರಬೇಕು. ಸರಕು ಕಳುಹಿಸುವವರಿಗೆ ರಫ್ತಿನ ಪರವಾನಗಿ ಸಂಖ್ಯೆ ಬೇಕು; ಕೊಂಡವನು ಹಣ ಕೊಡದೆ ಹೋದರೆ ನಷ್ಟ ತುಂಬಿಕೊಡುವ ಸರ್ಕಾರದ ರಫ್ತು ಸಾಲ ಖಾತರಿ ನಿಗಮ ೧೯೫೭ರಿಂದಲೂ ಇದೆ. ಬೆಂಗಳೂರಿನ ವಿಶ್ವೇಶ್ವರಯ್ಯ ವ್ಯಾಪಾರ ಅಭಿವೃದ್ಧಿ ಕೇಂದ್ರದಲ್ಲಿ ಹೊಸಬರಿಗೆ ಸಲಹೆ ದೊರೆಯುತ್ತದೆ. ಇವರಾರನ್ನೂ ಕೇಳಬೇಡಿ, ಈ ವಾರವೇ ಹಣ ಕಟ್ಟಿ ಎಂದು ಅವಸರಪಡಿಸುವವನನ್ನು ಅಂಗಳದಿಂದಲೇ ಕಳುಹಿಸಿಬಿಡಬೇಕು.

ಮುಂದಿನ ಭಾನುವಾರ ಶಿಷ್ಯ ಮತ್ತೆ ಬಂದ. ಈ ಸಲ ತಂದೆಯನ್ನೂ ಕರೆತಂದಿದ್ದ. ಬಣ್ಣದ ಕಾಗದ ಕೊಟ್ಟವರನ್ನು “ನೆಲ ತೋರಿಸಿ, ಆಮೇಲೆ ಮಾತು” ಎಂದು ಕೇಳಿದನಂತೆ. ಅವರು ಮತ್ತೆ ಫೋನು ಮಾಡಲಿಲ್ಲವಂತೆ. ಹಿರಿಯರು ನಕ್ಕು, “ನೆಲ ಬೇಡ ಮೇಷ್ಟ್ರೆ. ಇವನು ಗಿರಣಿ ವಿಚಾರ ತಿಳಿದುಕೊಂಡು ಬರಲಿ. ಸ್ಪ್ಯಾನರು ಹಿಡಿದು ದುಡಿದ ಹಣ, ಸ್ಪ್ಯಾನರಿಗೇ ಹೋಗಲಿ” ಎಂದರು.

ಗಂಟು ಸದ್ಯಕ್ಕೆ ಬ್ಯಾಂಕಿನಲ್ಲಿಯೇ ಇದೆ. ಹುಡುಗ ರಾತ್ರಿ ಷೆಡ್ಡಿನ ಬಾಗಿಲು ಹಾಕಿದ ಮೇಲೆ ಸ್ವಾಹಿಲಿ ಕಲಿಯುತ್ತಿದ್ದಾನೆ. ಪರರ ಮಾತನ್ನು ಕಲಿಯುವವನು ಅವರನ್ನು ಗೌರವಿಸುವುದನ್ನೂ ಕಲಿಯುತ್ತಾನೆ ಎಂಬುದು ಈ ಭಾಷೆಯ ಮೇಷ್ಟರ ನಂಬಿಕೆ.