ಚಿತ್ರಕ್ಕೆ ತಕ್ಕ ಕಟ್ಟು

ನಮ್ಮ ತಾತ ಹೊಳೆನರಸೀಪುರದಲ್ಲಿ ಡ್ರಾಯಿಂಗ್ ಮೇಷ್ಟರಾಗಿದ್ದರು. ಹೇಮಾವತಿಯ ದಡದಲ್ಲಿ ಕುಳಿತು ಅವರು ಬರೆದ ಜಲವರ್ಣದ ಚಿತ್ರ ಒಂದೇ ನಮ್ಮ ಪಾಲಿಗೆ ಉಳಿದಿತ್ತು. ಕಾಲೇಜಿನ ದಿನಗಳಲ್ಲಿ ಅದಕ್ಕೆ ಕಟ್ಟು ಹಾಕಿಸಲು ಹಾಸನದ ಅಂಗಡಿಯೊಂದಕ್ಕೆ ಒಯ್ದೆ. ಸಿದ್ಧವಾಗಿದ್ದ ಚೌಕಟ್ಟು ಒಂದು ಅಂಗುಲ ಚಿಕ್ಕದಾಗಿತ್ತು. "ಕೆಳಗೆ ಸ್ವಲ್ಪ ಕತ್ತರಿಸಲೇ?" ಎಂದರು. ಹೂಂ ಎಂದೆ. ತಾತನ ರುಜು ಇದ್ದದ್ದು ಆ ಒಂದು ಅಂಗುಲದಲ್ಲೇ. ಮೂರು ಮಳೆಗಾಲ ಕಳೆಯುವಷ್ಟರಲ್ಲಿ ಚಿತ್ರದ ಆಕಾಶವೂ ಗಾಜಿಗೆ ಅಂಟಿಕೊಂಡಿತು. ಕೇಳಿ ತಿಳಿಯದೆ ಒಪ್ಪಿದ ತಪ್ಪು ನನ್ನದು.

ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದ ಜೈನ ಮಠದಲ್ಲಿ ಹಳೆಯ ಭಿತ್ತಿಚಿತ್ರಗಳಿವೆ. ಅವಕ್ಕೆ ಗೋಡೆಯೇ ಆಸರೆ, ಸೂರೇ ಕೊಡೆ. ಕಾಗದದ ಚಿತ್ರಕ್ಕಾದರೋ ಆ ಆಸರೆಯನ್ನು ನಾವೇ ಒದಗಿಸಬೇಕು. ಕಟ್ಟು ಎಂದರೆ ಅದೇ, ಬರಿಯ ಅಲಂಕಾರವಲ್ಲ.

ಇದರ ಹಿಂದಿನ ವಿಜ್ಞಾನ ಸರಳವಾಗಿದೆ. ಮಳೆಗಾಲದಲ್ಲಿ, ಅದರಲ್ಲೂ ಅರಕಲಗೂಡಿನಂಥ ಮಲೆನಾಡಿನ ಅಂಚಿನ ಊರುಗಳಲ್ಲಿ, ಗಾಳಿಯ ತೇವ ಹೆಚ್ಚು. ರಾತ್ರಿ ಗಾಜು ತಣ್ಣಗಾದಾಗ ಆ ತೇವ ಅದರ ಒಳಮೈಯಲ್ಲಿ ಹನಿಗಟ್ಟಬಹುದು. ಜಲವರ್ಣದಲ್ಲಿ ಬಣ್ಣವನ್ನು ಹಿಡಿದಿಡುವುದು ಗೋಂದು. ನೀರು ತಾಕಿದರೆ ಅದು ಮೆತ್ತಗಾಗುತ್ತದೆ; ಒಣಗುವಾಗ ಗಾಜನ್ನೇ ಹಿಡಿದುಕೊಳ್ಳುತ್ತದೆ. ಆದ್ದರಿಂದ ಗಾಜಿಗೂ ಚಿತ್ರಕ್ಕೂ ನಡುವೆ ಕಿಂಡಿ ಕೊರೆದ ದಪ್ಪ ಮೌಂಟ್ ಬೋರ್ಡ್ ಇಟ್ಟು ಅಂತರ ಬಿಡಬೇಕು.

ಮೈಸೂರು ಸಂಪ್ರದಾಯದ ಚಿತ್ರಗಳಿಗೆ ಈ ಅಂತರ ಇನ್ನೂ ಮುಖ್ಯ. ಅವುಗಳಲ್ಲಿ ಆಭರಣಗಳ ಭಾಗವನ್ನು ಗೆಸ್ಸೊ ಲೇಪದಿಂದ ತುಸು ಉಬ್ಬಿಸಿ, ಮೇಲೆ ಚಿನ್ನದ ರೇಕು ಹಚ್ಚುತ್ತಾರೆ. ಗಾಜು ಒತ್ತಿದರೆ ಆ ಕೆಲಸವೇ ಹಾಳು. ಅಂಥ ಚಿತ್ರಕ್ಕೆ ಆಳವಾದ ಚೌಕಟ್ಟನ್ನು ಅಳತೆ ಕೊಟ್ಟೇ ಮಾಡಿಸಬೇಕು.

ಹಿಂಬದಿಯ ರಟ್ಟನ್ನೂ ಗಮನಿಸಿ. ಅಗ್ಗದ ರಟ್ಟಿನಲ್ಲಿರುವ ಲಿಗ್ನಿನ್ ಕಾಲಕ್ರಮದಲ್ಲಿ ಆಮ್ಲವನ್ನು ಉಂಟುಮಾಡುತ್ತದೆ. ಆಮ್ಲ ತಗುಲಿದ ಕಾಗದ ಕಂದುಗಟ್ಟಿ ಮುರುಕಲಾಗುತ್ತದೆ. ಆಮ್ಲರಹಿತ ಬೋರ್ಡ್ ಕೇಳಿ ಪಡೆಯಿರಿ. ಚಿತ್ರವನ್ನು ಪೂರ್ತಿಯಾಗಿ ಅಂಟಿಸಬೇಡಿ. ತೇವಕ್ಕೆ ಕಾಗದ ಹಿಗ್ಗುತ್ತದೆ, ಒಣಗಿದರೆ ಕುಗ್ಗುತ್ತದೆ. ಮೇಲಿನ ಅಂಚಿನಲ್ಲಿ ಮಾತ್ರ ತೂಗುಬಿಟ್ಟರೆ ಅದಕ್ಕೆ ಆಡಲು ಜಾಗವಿರುತ್ತದೆ.

ಕಟ್ಟು ಎಷ್ಟು ಚೆನ್ನಾಗಿದ್ದರೂ ಬಿಸಿಲನ್ನು ಪೂರ್ತಿ ತಡೆಯಲಾರದು. ವಸ್ತುಸಂಗ್ರಹಾಲಯಗಳಲ್ಲಿ ಜಲವರ್ಣ ಚಿತ್ರಗಳ ಮೇಲೆ ಬೀಳುವ ಬೆಳಕನ್ನು ಸಾಮಾನ್ಯವಾಗಿ 50 ಲಕ್ಸ್‌ಗೆ ಮಿತಗೊಳಿಸುತ್ತಾರೆ. ಒಮ್ಮೆ ಮಾಸಿದ ಬಣ್ಣ ಮರಳುವುದಿಲ್ಲ. ಕಿಟಕಿಯ ಎದುರು ಗೋಡೆಯನ್ನೂ, ನೀರು ಜಿನುಗುವ ಗೋಡೆಯನ್ನೂ ಬಿಟ್ಟು ಬೇರೆಡೆ ತೂಗುಹಾಕಿ.

ಇದಕ್ಕೆಲ್ಲ ಖರ್ಚು ಹೆಚ್ಚಲ್ಲವೇ ಎಂದು ನೀವು ಕೇಳಬಹುದು. ನಿಜ, ಸಿದ್ಧ ಚೌಕಟ್ಟಿಗಿಂತ ಹೆಚ್ಚು. ಅಂಗಡಿಯಲ್ಲಿ ಮತ್ತೆ ಸಿಗುವ ಅಚ್ಚಿನ ಪಟಕ್ಕೆ ಇಷ್ಟೆಲ್ಲ ಬೇಕಿಲ್ಲ. ಆದರೆ ಕೈಯಲ್ಲಿ ಬರೆದ ಚಿತ್ರಕ್ಕೆ ಎರಡನೆಯ ಪ್ರತಿ ಇರುವುದಿಲ್ಲ. ಈಗಲೇ ಹಣವಿಲ್ಲವಾದರೆ ಅದನ್ನು ಆಮ್ಲರಹಿತ ಕಾಗದದ ನಡುವೆ ಚಪ್ಪಟೆಯಾಗಿ, ಒಣ ಜಾಗದಲ್ಲಿ ಇಟ್ಟು ಕಾಯಿರಿ. ಕಾದರೆ ನಷ್ಟವಿಲ್ಲ, ಕತ್ತರಿಸಿದರೆ ಉಂಟು.

ತಾತನ ಚಿತ್ರಕ್ಕೆ ಈಗ ಅಳತೆಯ ಕಟ್ಟು ಹಾಕಿಸಿದ್ದೇನೆ. ನದಿ ಉಳಿದಿದೆ, ಅರ್ಧ ಆಕಾಶ ಉಳಿದಿದೆ. ರುಜು ಇಲ್ಲ. ಬರೆದವರು ಯಾರೆಂದು ಮನೆಗೆ ಬಂದವರಿಗೆ ನಾನೇ ಹೇಳಬೇಕು. ನಿಮ್ಮ ಮನೆಯಲ್ಲಿ ಅಂಥ ಚಿತ್ರವೊಂದಿದ್ದರೆ ಚೌಕಟ್ಟನ್ನು ಚಿತ್ರದ ಅಳತೆಗೆ ಮಾಡಿಸಿ. ಚಿತ್ರವನ್ನು ಚೌಕಟ್ಟಿನ ಅಳತೆಗೆ ಕತ್ತರಿಸಬೇಡಿ.