ಅಡಿಗೆ ಒಂದು ಇಂಚು

ದೊಡ್ಡ ವಸ್ತುವೊಂದನ್ನು ಚಿಕ್ಕದಾಗಿ ಮಾಡುವುದು ಮಕ್ಕಳಾಟ ಎಂಬ ಭಾವನೆ ನಮ್ಮಲ್ಲಿ ಸಾಮಾನ್ಯವಾಗಿದೆ. ಆಟದ ರೈಲು, ಮರದ ಬಂಡಿ, ಕೀಲಿ ಕೊಟ್ಟರೆ ಓಡುವ ತಗಡಿನ ಮೋಟಾರು, ಇವೆಲ್ಲ ಚಿಕ್ಕವು. ಚಿಕ್ಕವಾದ್ದರಿಂದ ಸುಲಭದವು ಎಂದು ತಿಳಿಯುತ್ತೇವೆ. ಈ ಮಾತು ಎಷ್ಟರಮಟ್ಟಿಗೆ ನಿಜ ಎಂದು ಪರೀಕ್ಷಿಸುವ ಆಸೆ ನಿಮಗಿದ್ದರೆ, ಹಳೆಯ ಕಾಲದ ಪಂದ್ಯದ ಕಾರೊಂದನ್ನು ಆರಿಸಿಕೊಂಡು, ಅದರ ಒಂದೊಂದು ಅಂಗವನ್ನೂ ಅಳತೆ ತಪ್ಪದಂತೆ ಹನ್ನೆರಡರಲ್ಲಿ ಒಂದು ಪಾಲಿಗೆ ಇಳಿಸಿ ನೋಡಬೇಕು. ಅಡಿಗೆ ಒಂದು ಇಂಚು, ಲೆಕ್ಕ ಇಷ್ಟೇ. ಆದರೆ ಈ ಲೆಕ್ಕ ಕಣ್ಣಿಗೂ ಕೈಗೂ ಕಲಿಸುವ ಪಾಠ ಸಣ್ಣದಲ್ಲ. ಅದನ್ನೇ ಇಂದು ನಿಮ್ಮ ಮುಂದಿಡುತ್ತೇನೆ.

ಕಾರು ಯಾವುದಾಗಬೇಕು? ಉದಾಹರಣೆಗೆ ಬುಗಾಟಿ ಕಾರ್ಖಾನೆಯ 35ನೆಯ ಮಾದರಿಯನ್ನು ತೆಗೆದುಕೊಳ್ಳೋಣ. ಎಟೋರೆ ಬುಗಾಟಿ 1881ರಲ್ಲಿ ಇಟಲಿಯ ಮಿಲಾನ್ ನಗರದಲ್ಲಿ ಹುಟ್ಟಿದವನು. ತಂದೆ ಕಾರ್ಲೋ ಪೀಠೋಪಕರಣಗಳ ಕಲಾವಿದ. ತಮ್ಮ ರೆಂಬ್ರಾಂಟ್ ಪ್ರಾಣಿಗಳ ಮೂರ್ತಿಗಳನ್ನು ಮಾಡಿ ಹೆಸರಾದ ಶಿಲ್ಪಿ. ಅಂಥ ಮನೆಯಲ್ಲಿ ಬೆಳೆದವನು 1909ರಲ್ಲಿ ಆಲ್ಸೇಸ್ ಪ್ರಾಂತದ ಮೊಲ್ಶೈಮ್ ಎಂಬ ಊರಿನಲ್ಲಿ ಮೋಟಾರು ಕಾರ್ಖಾನೆ ತೆರೆದ. ಅವನ ಕಾರುಗಳಲ್ಲಿ ಯಂತ್ರಶಾಸ್ತ್ರದ ಜೊತೆಗೆ ಶಿಲ್ಪಿಯ ಕೈಯೂ ಕಾಣುವುದು ಆಶ್ಚರ್ಯವಲ್ಲ. ಮುಂಭಾಗದಲ್ಲಿ ಕುದುರೆಯ ಲಾಳದ ಆಕಾರದ ರೇಡಿಯೇಟರು, ಹಿಂಭಾಗದಲ್ಲಿ ಮೊನಚಾಗಿ ಮುಗಿಯುವ ಬಾಲ, ನಡುವೆ ಇಬ್ಬರು ಒತ್ತಾಗಿ ಕೂಡಬಹುದಾದ ಜಾಗ. ಒಮ್ಮೆ ಕಂಡವರು ಮರೆಯುವ ರೂಪವಲ್ಲ ಅದು.

ಪ್ರತಿಕೃತಿ ಮಾಡುವವನಿಗೆ ಈ ಕಾರು ಇನ್ನೊಂದು ಉಪಕಾರವನ್ನೂ ಮಾಡಿದೆ. ಇದರ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವಣ ದೂರ 2,400 ಮಿಲಿಮೀಟರು; ಎಡ ಚಕ್ರಕ್ಕೂ ಬಲ ಚಕ್ರಕ್ಕೂ ನಡುವಣ ದೂರ 1,200 ಮಿಲಿಮೀಟರು. ಹನ್ನೆರಡರಿಂದ ಭಾಗಿಸಿದರೆ ಕ್ರಮವಾಗಿ 200 ಮತ್ತು 100. ಇಡೀ ಕಾರು ಸುಮಾರು ಒಂದು ಅಡಿ ಉದ್ದವಾಗಿ ನಿಮ್ಮ ರೇಡಿಯೋ ಪೆಟ್ಟಿಗೆಯ ಮೇಲೆ ಕೂಡಬಲ್ಲದು.

ಆದರೆ ಉದ್ದ ಹನ್ನೆರಡು ಪಾಲು ಇಳಿದರೆ ಎಲ್ಲವೂ ಹನ್ನೆರಡು ಪಾಲು ಇಳಿಯುತ್ತದೆಂದು ತಿಳಿಯಬೇಡಿ. ಮೇಲ್ಮೈ 144 ಪಾಲು ಇಳಿಯುತ್ತದೆ. ಗಾತ್ರ 1,728 ಪಾಲು ಇಳಿಯುತ್ತದೆ. ಮೂಲ ಕಾರಿನ ಎಂಜಿನ್ನಿನಲ್ಲಿ ಸಾಲಾಗಿ ನಿಂತ ಎಂಟು ಸಿಲಿಂಡರುಗಳು. ಒಂದೊಂದರ ಒಳವ್ಯಾಸ 60 ಮಿಲಿಮೀಟರು, ಪಿಸ್ಟನ್ನಿನ ಓಟ 88 ಮಿಲಿಮೀಟರು. ಎಂಟೂ ಸೇರಿ 1,991 ಘನ ಸೆಂಟಿಮೀಟರು. ಪ್ರತಿಕೃತಿಯಲ್ಲಿ ಸಿಲಿಂಡರಿನ ವ್ಯಾಸ 5 ಮಿಲಿಮೀಟರು, ಒಂದು ತೊಗರಿ ಕಾಳಿನಷ್ಟು. ಎಂಟೂ ಸಿಲಿಂಡರುಗಳ ಒಟ್ಟು ಗಾತ್ರ ಕಾಲು ಚಹಾ ಚಮಚದಷ್ಟೂ ಆಗದು! ಸುಮಾರು 750 ಕಿಲೋ ತೂಗುತ್ತಿದ್ದ ಕಾರು, ಅದೇ ಲೋಹಗಳಿಂದಲೇ ಮಾಡಿದರೂ, ಅರ್ಧ ಕಿಲೋಗಿಂತ ಕಡಿಮೆಯಾಗುತ್ತದೆ.

ಲೆಕ್ಕ ಮುಗಿದ ಮೇಲೆ ಉಪಕರಣಗಳನ್ನು ಕೈಗೆತ್ತಿಕೊಳ್ಳುವ ಮುಂಚೆ ಒಂದು ಪ್ರಶ್ನೆಗೆ ಉತ್ತರ ಹೇಳಿಕೊಳ್ಳಬೇಕು. ಇದು ಬಹುಮಂದಿ ಮರೆಯುವ ಪ್ರಶ್ನೆ. ನೀವು ಮಾಡಲಿರುವುದು ಯಾವ ದಿನದ ಕಾರು?

ಕಾರಿಗೂ ದಿನಕ್ಕೂ ಏನು ಸಂಬಂಧ ಎನ್ನುವಿರೋ? 1929ರ ಏಪ್ರಿಲ್ ತಿಂಗಳಲ್ಲಿ ಮೊನಾಕೊ ನಗರದ ಬೀದಿಗಳಲ್ಲಿ ಮೊದಲ ಬಾರಿಗೆ ಗ್ರಾಂ ಪ್ರಿ ಪಂದ್ಯ ನಡೆದಾಗ ಗೆದ್ದದ್ದು ಈ ಜಾತಿಯ ಕಾರೇ. ಆದರೆ ವಿಲಿಯಂ ಗ್ರೋವರ್-ವಿಲಿಯಮ್ಸ್ ಓಡಿಸಿದ ಆ ಕಾರಿನ ಬಣ್ಣ ಹಸಿರು. ಬುಗಾಟಿ ಎಂದರೆ ಫ್ರಾನ್ಸಿನ ನೀಲಿಯೇ ಎಂದು ಕಣ್ಣು ಮುಚ್ಚಿ ಬಳಿದರೆ ಮೊನಾಕೊದ ಕಾರು ಆಗುವುದಿಲ್ಲ. 1928ರಲ್ಲಿ ಸಿಸಿಲಿಯ ಬೆಟ್ಟದ ದಾರಿಗಳಲ್ಲಿ, ಟಾರ್ಗಾ ಫ್ಲೋರಿಯೋ ಪಂದ್ಯದಲ್ಲಿ, ಚೆಕೊಸ್ಲೊವಾಕಿಯದ ಎಲಿಜಬೆತ್ ಯುಂಕೋವಾ ಎಂಬ ಮಹಿಳೆ ಗಂಡಸರ ನಡುವೆ ಐದನೆಯವಳಾಗಿ ಗುರಿ ಮುಟ್ಟಿದಳು. ಅವಳ ಕಾರು 35ಬಿ. ಅದರ ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಸೂಪರ್‌ಚಾರ್ಜರು ಇತ್ತು. ಆ ಯಂತ್ರದ ಒತ್ತಡ ಬಿಡುವ ಕವಾಟಕ್ಕಾಗಿ ಬಾನೆಟ್ಟಿನ ಬಲಮಗ್ಗುಲಲ್ಲಿ ಒಂದು ದುಂಡು ರಂಧ್ರ ಇರುತ್ತಿತ್ತು. 1924ರ ಮೊದಲ ಕಾರುಗಳಲ್ಲಿ ಸೂಪರ್‌ಚಾರ್ಜರೂ ಇಲ್ಲ, ರಂಧ್ರವೂ ಇಲ್ಲ. ಪ್ರತಿಕೃತಿಯಲ್ಲಿ ಮಿಲಿಮೀಟರುಗಳ ಲೆಕ್ಕದ ಒಂದು ತೂತು ನಾಲ್ಕು ವರ್ಷಗಳ ಚರಿತ್ರೆಯನ್ನು ಸರಿಯಾಗಿಯೂ ಹೇಳಬಹುದು, ತಪ್ಪಾಗಿಯೂ ಹೇಳಬಹುದು.

ನನ್ನ ಮಾತು ಕೇಳುವುದಾದರೆ, ಗೆದ್ದ ದಿನಕ್ಕಿಂತ ಸೋತ ದಿನವನ್ನೇ ಆರಿಸಿಕೊಳ್ಳಿ. ಈ ಕಾರು ಮೊಟ್ಟಮೊದಲು ಪಂದ್ಯಕ್ಕಿಳಿದದ್ದು 1924ರ ಆಗಸ್ಟ್ 3ರಂದು, ಫ್ರಾನ್ಸಿನ ಲಿಯಾನ್ ನಗರದ ಬಳಿ. ಸುತ್ತೊಂದಕ್ಕೆ 23 ಕಿಲೋಮೀಟರಿನಂತೆ 35 ಸುತ್ತು. ಹೊಚ್ಚಹೊಸ ಐದು ಕಾರುಗಳು ಸಾಲಾಗಿ ನಿಂತಾಗ ಅವುಗಳ ಅಂದಕ್ಕೆ ಜನ ಬೆರಗಾದರು. ಪಂದ್ಯ ಸಾಗಿದಂತೆ ಟೈರುಗಳ ಮೇಲ್ಪದರ ಕಿತ್ತು ಬರತೊಡಗಿತು. ಐದರಲ್ಲಿ ಎರಡು ಮಾತ್ರ ಏಳನೆಯ ಹಾಗೂ ಎಂಟನೆಯ ಸ್ಥಾನದಲ್ಲಿ ಮುಗಿಸಿದವು; ಗೆದ್ದದ್ದು ಕಂಪಾರಿ ಓಡಿಸಿದ ಆಲ್ಫಾ ರೋಮಿಯೋ. ಕಾರು ಕೆಟ್ಟದೆಂದು ಅಂದು ಯಾರಾದರೂ ತೀರ್ಮಾನಿಸಿದ್ದರೆ ತಪ್ಪಾಗುತ್ತಿತ್ತು. ದೋಷವಿದ್ದದ್ದು ಟೈರಿನಲ್ಲಿ, ವಿನ್ಯಾಸದಲ್ಲಲ್ಲ. ಮುಂದೆ 1925ರಿಂದ 1929ರವರೆಗೆ ಐದು ವರ್ಷ ಎಡೆಬಿಡದೆ ಟಾರ್ಗಾ ಫ್ಲೋರಿಯೋ ಪಂದ್ಯವನ್ನು ಗೆದ್ದದ್ದು ಬುಗಾಟಿಯೇ. ಕೀರ್ತಿ ಬರುವ ಮುಂಚಿನ ಕಾರನ್ನು ಮಾಡುವವನು ಹಾರತುರಾಯಿಗಳನ್ನು ನೆಚ್ಚುವಂತಿಲ್ಲ. ಆ ವಿನ್ಯಾಸ ಏಕೆ ಒಳ್ಳೆಯದು ಎಂಬುದನ್ನು ಕಾರಿನಲ್ಲಿಯೇ ಹುಡುಕಬೇಕಾಗುತ್ತದೆ.

ಹುಡುಕುವ ಕೆಲಸ ಛಾಯಾಚಿತ್ರಗಳಿಂದ ಆರಂಭವಾಗಲಿ. ಫ್ರಾನ್ಸಿನ ಮುಲೂಸ್ ನಗರದ ವಸ್ತುಸಂಗ್ರಹಾಲಯದಲ್ಲಿ ಬುಗಾಟಿ ಕಾರುಗಳ ದೊಡ್ಡ ಸಂಗ್ರಹವೇ ಇದೆ; ಅದರ ಚಿತ್ರಗಳು ಪುಸ್ತಕಗಳಲ್ಲಿ ಸಿಗುತ್ತವೆ. ಆದರೆ ಎಚ್ಚರಿಕೆ ಬೇಕು. ಹಳೆಯ ಕಾರನ್ನು ಜೀರ್ಣೋದ್ಧಾರ ಮಾಡುವವರು ಅದಕ್ಕೆ ಹುಟ್ಟಿದಂದೂ ಇಲ್ಲದ ಹೊಳಪನ್ನು ಕೊಡುವುದುಂಟು. 1924ರಲ್ಲಿ ಮೋಟಾರುಗಳಿಗೆ ಕ್ರೋಮಿಯಂ ಲೇಪ ಇನ್ನೂ ಬಳಕೆಗೆ ಬಂದಿರಲಿಲ್ಲ, ಆಗಿನದು ನಿಕ್ಕಲ್. ಕ್ರೋಮಿಯಂ ತುಸು ನೀಲಿಯಾಗಿ ಮಿಂಚುತ್ತದೆ. ನಿಕ್ಕಲ್ಲಿನ ಹೊಳಪು ತುಸು ಹಳದಿ, ಬೆಳ್ಳಿಯ ಹಳೆಯ ಪಂಚಪಾತ್ರೆಯ ಹಾಗೆ. ಆದ್ದರಿಂದ ಪಂದ್ಯದ ದಿನ ತೆಗೆದ ಮಂಕಾದ ಕಪ್ಪು ಬಿಳುಪು ಚಿತ್ರವೊಂದು ಸಿಕ್ಕರೆ ಹತ್ತು ಬಣ್ಣದ ಚಿತ್ರಗಳಿಗಿಂತ ಅದನ್ನೇ ಹೆಚ್ಚು ನಂಬಿ.

ಕೆಲಸವನ್ನು ಚಕ್ರದಿಂದ ಶುರುಮಾಡಿ. ಈ ಕಾರಿನ ಚಕ್ರಕ್ಕೆ ತಂತಿಯ ಕಡ್ಡಿಗಳಿಲ್ಲ. ಅಲ್ಯೂಮಿನಿಯಂ ಎರಕದ ಎಂಟು ಚಪ್ಪಟೆ ಕಡ್ಡಿಗಳಿವೆ. ಬ್ರೇಕಿನ ಡ್ರಮ್ಮೂ ಚಕ್ರದೊಡನೆ ಒಂದೇ ಎರಕದಲ್ಲಿದೆ. ಚಕ್ರ ಕಳಚಿದೊಡನೆ ಬ್ರೇಕು ಕಣ್ಣಿಗೆ ಬೀಳುತ್ತದೆ. ಪಂದ್ಯದ ನಡುವೆ ಇದೆಷ್ಟು ಅನುಕೂಲ ಎಂದು ಯೋಚಿಸಿ. ನೀವು ಒಂದೇ ಒಂದು ಚಕ್ರವನ್ನು ಹಿತ್ತಾಳೆಯಲ್ಲೋ ಪ್ಲಾಸ್ಟಿಕ್ಕಿನಲ್ಲೋ ಮನಸ್ಸಿಟ್ಟು ಮಾಡಿ. ಕಡ್ಡಿಯಿಂದ ಕಡ್ಡಿಗೆ 45 ಡಿಗ್ರಿ. ಅದರ ಮೇಲೆ ಸಿಲಿಕೋನ್ ರಬ್ಬರಿನ ಅಚ್ಚು ತೆಗೆದು ಉಳಿದವನ್ನು ರಾಳದಲ್ಲಿ ಎರಕ ಹೊಯ್ಯಿರಿ. ಮೂಲದಲ್ಲಿ ಒಂದು ಗೀರು ಉಳಿದರೆ ಎಲ್ಲ ಚಕ್ರಗಳಲ್ಲಿಯೂ ಅದೇ ಗೀರು ಮೂಡುತ್ತದೆಂಬುದು ನೆನಪಿರಲಿ.

ಮುಂದಿನ ಇರುಸಿಗೆ ಬಂದಾಗ ಬುಗಾಟಿಯ ಮನಸ್ಸು ನಿಮಗೆ ಕಾಣತೊಡಗುತ್ತದೆ. ಆ ಕಾಲದ ಇತರ ಕಾರುಗಳಲ್ಲಿ ಸ್ಪ್ರಿಂಗಿನ ಪಟ್ಟಿಯನ್ನು ಇರುಸಿಗೆ ಮೇಲಿನಿಂದಲೋ ಕೆಳಗಿನಿಂದಲೋ ಕಟ್ಟುತ್ತಿದ್ದರು. ಇಲ್ಲಿ ಇರುಸು ಒಳಗೆ ಟೊಳ್ಳು. ಅದರಲ್ಲಿಯೇ ಚೌಕವಾದ ಕಿಂಡಿಗಳನ್ನು ಮಾಡಿ ಸ್ಪ್ರಿಂಗನ್ನು ಅವುಗಳ ಮೂಲಕ ಹಾಯಿಸಿದ್ದಾರೆ. ಚಿತ್ರದಲ್ಲಿ ನೋಡಿದಾಗ ಇದು ಬರಿಯ ಸೊಗಸು ಎನ್ನಿಸುತ್ತದೆ. ಕೈಯಲ್ಲಿ ಮಾಡುವಾಗ ಗೊತ್ತಾಗುತ್ತದೆ: ಸ್ಪ್ರಿಂಗನ್ನು ಮೊದಲು ಕಿಂಡಿಯಲ್ಲಿ ಪೋಣಿಸದೆ ಮುಂದಿನ ಯಾವ ಜೋಡಣೆಯೂ ಸಾಗದು. ಮೊಲ್ಶೈಮಿನ ಕೆಲಸಗಾರ ಯಾವುದನ್ನು ಮೊದಲು, ಯಾವುದನ್ನು ಆಮೇಲೆ ಎತ್ತಿಕೊಳ್ಳಬೇಕಾಗಿತ್ತೋ ಆ ಕ್ರಮಕ್ಕೆ ನೀವೂ ಒಳಗಾಗುತ್ತೀರಿ. ಓದಿನಿಂದ ದೊರೆಯದ ತಿಳಿವಳಿಕೆ ಎಂದರೆ ಇದೇ.

ಮೈಯ ತಗಡಿಗೆ ಮರದ ಪಡಿಯಚ್ಚು ಕೆತ್ತಿ, ಅದರ ಮೇಲೆ ತೆಳುವಾದ ಅಲ್ಯೂಮಿನಿಯಂ ಹಾಳೆಯನ್ನು ಉಜ್ಜಿ ಬಾಗಿಸಬೇಕು. ಹಾಳೆ ಗಡುಸಾದರೆ ಮೆದುಮಾಡಲು ಒಂದು ಉಪಾಯವಿದೆ. ಬಟ್ಟೆ ಸೋಪನ್ನು ಅದರ ಮೇಲೆ ತಿಕ್ಕಿ, ಕೆಳಗಿನಿಂದ ಹದವಾಗಿ ಕಾಯಿಸಿ. ಸೋಪು ಕಂದುಗಪ್ಪಾದೊಡನೆ ಉರಿ ತೆಗೆಯಿರಿ. ಆರಿದ ಮೇಲೆ ಹಾಳೆ ಬೆರಳಿಗೆ ಮಣಿಯುತ್ತದೆ. ಸೋಪಿನ ಬಣ್ಣವೇ ಇಲ್ಲಿ ಉಷ್ಣಮಾಪಕ. ಇನ್ನೂ ಕಾಯಿಸಿದರೆ ಅಲ್ಯೂಮಿನಿಯಂ ಮುನ್ಸೂಚನೆ ಕೊಡದೆ ಕರಗಿ ಹೋಗುತ್ತದೆ. ಮನೆಯ ಹುಡುಗರು ಈ ಕೆಲಸಕ್ಕೆ ಕೈಹಾಕುವಾಗ ಹಿರಿಯರು ಹತ್ತಿರವಿರಲಿ.

ಅಳತೆಗೆ ಬಗ್ಗದ ಕೆಲವು ವಸ್ತುಗಳಿವೆ. ಬಣ್ಣ ಅವುಗಳಲ್ಲಿ ಮೊದಲನೆಯದು. ನೀವು ಬಳಿದ ಬಣ್ಣದ ಪದರ ಮಿಲಿಮೀಟರಿನ ಹತ್ತನೆಯ ಒಂದು ಪಾಲಿದ್ದರೆ, ಅದು ಮೂಲ ಕಾರಿನ ಮೇಲೆ 1.2 ಮಿಲಿಮೀಟರು ದಪ್ಪ ಬಳಿದಂತೆ! ತಗಡಿನ ಅಂಚುಗಳೂ ಬಾನೆಟ್ಟಿನ ಗಾಳಿಗಂಡಿಗಳೂ ಅದರಲ್ಲಿ ಹೂತುಹೋಗುತ್ತವೆ. ಆದ್ದರಿಂದ ನೀರಿನಂತೆ ತೆಳುಮಾಡಿ, ಒಂದು ಪದರ ಒಣಗಿದ ಮೇಲೆ ಇನ್ನೊಂದನ್ನು ಕೊಡಿ. ಕನ್ನಡಿಯ ಹೊಳಪು ಬರಿಸುವ ಆಸೆಯನ್ನು ಬಿಟ್ಟುಬಿಡಿ. ಅದು ಬಂದ ಕ್ಷಣ ಕಾರು ಆಟಿಕೆಯಾಗುತ್ತದೆ.

ಸೂಕ್ಷ್ಮ ಕೆಲಸಗಳಿಗೆ ಸಾಮಗ್ರಿ ಮನೆಯಲ್ಲೇ ಇದೆ. ಅದುರಾಟಕ್ಕೆ ಬೋಲ್ಟುಗಳು ಸಡಿಲವಾಗದಿರಲೆಂದು ಮೂಲ ಕಾರಿನಲ್ಲಿ ಅವುಗಳ ತಲೆಗಳನ್ನು ಸಣ್ಣ ತಂತಿಯಿಂದ ಒಂದಕ್ಕೊಂದು ಬಿಗಿದಿದ್ದರು. ಒಂದು ಮಿಲಿಮೀಟರಿನ ತಂತಿ ಪ್ರತಿಕೃತಿಯಲ್ಲಿ ತಲೆಗೂದಲಿನಷ್ಟಾಗುತ್ತದೆ. ಕೆಟ್ಟು ಮೂಲೆ ಸೇರಿದ ಹಳೆಯ ರೇಡಿಯೋದ ಸುರುಳಿಯಲ್ಲಿ ಅಂಥ ತಾಮ್ರದ ತಂತಿ ಗಜಗಟ್ಟಲೆ ಸಿಗುತ್ತದೆ. ಬ್ರೇಕಿನ ಕೇಬಲ್ಲುಗಳಿಗೆ ಅದನ್ನೇ ಎರಡು ಮೂರು ಎಳೆ ಹೊಸೆಯಿರಿ. ಬಾನೆಟ್ಟಿನ ಮೇಲಿನ ತೊಗಲು ಪಟ್ಟಿಗೆ ಹಳೆಯ ಕೈಚೀಲದ ಒಳತೊಗಲನ್ನು ಹೆರೆದು ಬಳಸಿ. ಚಾಲಕನ ಮುಂದಿನ ಲೋಹದ ಹಲಗೆಯಲ್ಲಿ ಮೀನಿನ ಹುರುಪೆಯಂತೆ ಒಂದರ ಮೇಲೊಂದು ಸರಿದ ಸಣ್ಣ ವೃತ್ತಗಳ ಹೊಳಪಿದೆ. ಹಲ್ಲುಕಡ್ಡಿಯ ತುದಿಗೆ ಉಜ್ಜುಪುಡಿ ಹಚ್ಚಿ ತಿರುಗಿಸಿದರೆ ಆ ವೃತ್ತಗಳು ಒಂದೊಂದಾಗಿ ಮೂಡುತ್ತವೆ. ಸಾಲು ವಕ್ರವಾಗದಂತೆ ನೋಡಿಕೊಳ್ಳುವುದೊಂದೇ ಕಷ್ಟ.

ಕೊನೆಗೆ ಒಂದು ಸಂದಿಗ್ಧ ಎದುರಾಗುತ್ತದೆ. ಕಾರಿನ ಎಲ್ಲ ಭಾಗಗಳ ಚಿತ್ರವೂ ಸಿಗುವುದಿಲ್ಲ. ಆಸನದ ಹಿಂದಿನ ಮೂಲೆ, ಹೊಟ್ಟೆಯ ಕೆಳಭಾಗ, ಇಂಥ ಕಡೆ ಏನಿತ್ತೆಂದು ಯಾವ ಚಿತ್ರವೂ ಹೇಳದಿರಬಹುದು. ಅಲ್ಲಿ ನಾಲ್ಕು ಕೊಳವೆ, ಹತ್ತು ತಿರುಪು ಸೇರಿಸಿದರೆ ನೋಡುವವರು ಮೆಚ್ಚುತ್ತಾರೆ; ಯಾರಿಗೂ ಗೊತ್ತಾಗುವುದಿಲ್ಲ. ಆದರೂ ಸೇರಿಸಬೇಡಿ. ತಿಳಿದದ್ದನ್ನು ಪೂರ್ತಿಯಾಗಿ ಮಾಡಿ. ತಿಳಿಯದ ಜಾಗವನ್ನು ಬರಿದಾಗಿ ಬಿಡಿ. ನಾಳೆ ನಿಮ್ಮ ಮಗನೋ ಮಗಳೋ ಈ ಪ್ರತಿಕೃತಿಯನ್ನು ನೋಡಿ ಲಿಯಾನಿನ ಕಾರು ಹೀಗಿತ್ತು ಎಂದು ಕಲಿಯುತ್ತಾರೆ. ಕಲ್ಪನೆಯ ಹತ್ತು ತಿರುಪುಗಳು ನಿಜವಾದ ನೂರು ತಿರುಪುಗಳ ಮೇಲಿನ ನಂಬಿಕೆಯನ್ನೂ ಕೆಡಿಸುತ್ತವೆ.

ಇದಕ್ಕೆಲ್ಲ ಬಹಳ ಕಾಲ ಹಿಡಿಯುತ್ತದೆ. ಬಿಡಿಭಾಗಗಳ ಪೆಟ್ಟಿಗೆ ಕೊಂಡು ಜೋಡಿಸುವವರಿಗೆ ತಿಂಗಳುಗಳು, ಎಲ್ಲವನ್ನೂ ತಾವೇ ಮಾಡುವವರಿಗೆ ವರ್ಷಗಳು ಬೇಕಾದಾವು. ಕಂಪ್ಯೂಟರಿನ ನೆರವಿನಿಂದ ಭಾಗಗಳನ್ನು ಅಚ್ಚೊತ್ತುವ ಯಂತ್ರಗಳೂ ಈಗ ಬಂದಿವೆ, ಬಳಸಬಾರದೆಂದೇನೂ ಇಲ್ಲ. ಅಳತೆ ಕೊಡುವವರು, ದಿನವನ್ನು ಆರಿಸುವವರು, ಯಾವುದನ್ನು ಬಿಡಬೇಕೆಂದು ತೀರ್ಮಾನಿಸುವವರು ಆಗಲೂ ನೀವೇ. ಕಿಟಕಿಯ ಬಳಿ ಒಂದು ಮೇಜು, ಒಂದು ಭೂತಗನ್ನಡಿ, ಸಣ್ಣ ಅರಗಳ ಒಂದು ಜೊತೆ, ಅಳತೆಯ ಕೈವಾರ, ಇಷ್ಟನ್ನು ಅಣಿಮಾಡಿಕೊಳ್ಳಿ. ಬರುವ ಭಾನುವಾರ ಇಡೀ ಕಾರಿನ ಯೋಚನೆ ಬೇಡ. ಎಂಟು ಕಡ್ಡಿಯ ಒಂದು ಚಕ್ರವನ್ನು ಕಾಗದದ ಮೇಲೆ ಅಳತೆಗೆ ಸರಿಯಾಗಿ ಬರೆಯಿರಿ. ಅದು ನೆಟ್ಟಗೆ ಬಂದರೆ ಉಳಿದದ್ದನ್ನು ಮುಂದಿನ ಭಾನುವಾರ ನೋಡಿಕೊಳ್ಳಬಹುದು.